ಲಿಂಬೆ ಸಸಿ ಮತ್ತು ನನ್ನ ಕೈಗುಣ

ಕೊಣ್ಣೂರ
೯ ಫೆಬ್ರುವರಿ ೨೦೨೫

ಪೂಜ್ಯ ಅತ್ತೆಯವರಿಗೆ ಹಿರಿಯ ಸೊಸೆ ಗೌರವ್ವನ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ನೋವು ಹೇಗಿದೆ? ಹುಕ್ಕೇರಿಯ ನೀರು ಒಗ್ಗಿತೇ? ನಿಮ್ಮ ಮಗಳು ಲಕ್ಷ್ಮೀ ಹೊಟ್ಟೆತುಂಬ ಉಣ್ಣುತ್ತಾಳೆಯೇ, ಕೂಸು ಮಲಗಗೊಡುತ್ತದೆಯೇ? ಎರಡನೆಯ ಬಾಣಂತನ ಆಕೆಯ ಗಂಡನ ಮನೆಯಲ್ಲೇ ಆದದ್ದು ನನಗಂತೂ ಒಳ್ಳೆಯದಾಯಿತು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ. ನಿಮ್ಮ ಕನ್ನಡಕ ಇಲ್ಲಿಯೇ ಉಳಿದಿದೆ. ಈ ಕಾಗದವನ್ನು ಲಕ್ಷ್ಮೀ ಜೋರಾಗಿ ಓದಿ ಹೇಳಲಿ.

ಅರಭಾವಿಯಿಂದ ನಾನು ತಂದ ಲಿಂಬೆ ಸಸಿಗಳು ಕುಂಡದಲ್ಲೇ ಹಳದಿಯಾಗಿ ಒಂದೊಂದಾಗಿ ಸತ್ತವಲ್ಲ, ಆಗ ನೀವು ಓಣಿ ತುಂಬ ಹೇಳಿಕೊಂಡು ಬಂದಿರಿ: "ನಮ್ಮ ಗೌರವ್ವಂದು ಕೈಗುಣ ಚಲೋ ಇಲ್ರೀ, ಮುಟ್ಟಿದ್ದೆಲ್ಲಾ ಒಣಗತೈತಿ." ಹೊಸ ಹೊಲಕ್ಕೆ ಕಬ್ಬು ಹಚ್ಚುವ ದಿನ ಮೊದಲ ತುಂಡು ಊರಲು ನಾನು ಹೊಸ ಸೀರೆ ಉಟ್ಟು ನಿಂತಿದ್ದೆ. ನೀವು ಅದನ್ನು ನನ್ನ ಕೈಯಿಂದ ಕಸಿದು ಬಾಜೂ ಮನೆಯ ಅಲ್ಲವ್ವನಿಗೆ ಕೊಟ್ಟಿರಿ. ಆಳುಗಳೆಲ್ಲ ನೋಡುತ್ತಿದ್ದರು. ಹಿರಿಯ ಸೊಸೆ ನಾನು, ಬದುವಿನ ಮೇಲೆ ಕುಳಿತು ಬುತ್ತಿ ಕಾದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಮನಸ್ಸೂ ನನಗಿಲ್ಲ.

ಆಮೇಲೊಂದು ದಿನ ಗೋಕಾಕ ಸಂತೆಯಿಂದ ಬೇಗ ಬಂದೆ. ನೀವು ಹಿತ್ತಲಲ್ಲಿ ಚರಿಗೆ ಹಿಡಿದು, ನಾನು ಮುಂಜಾನೆ ನೀರು ಹಾಕಿದ್ದ, ಉಳಿದ ಸಸಿಗಳ ಕುಂಡಗಳಿಗೇ ಮತ್ತೆ ಸುರಿಯುತ್ತಿದ್ದಿರಿ. "ಕುಡೀರಿ ನನ್ನವ್ವಗಳಿರಾ, ಆಕಿ ನಿಮಗ ಹೊಟ್ಟಿತುಂಬ ಕುಡಸಂಗಿಲ್ಲ" ಎಂದು ಸಮಾಧಾನ ಬೇರೆ! ಕಾಲುವೆ ದಂಡೆಯ ಕಬ್ಬಿನ ಮನೆಯಲ್ಲಿ ಬೆಳೆದವರು ನೀವು. ನೀರಿನ ಪಾಳಿ ಬಂದರೆ ಹೊಲ ತುಂಬಿಸುವುದೊಂದೇ ಗೊತ್ತು, ಬೇಕೋ ಬೇಡವೋ ಎಂದು ಕೇಳುವ ರೂಢಿಯಿಲ್ಲ. ಒಂದು ಸಸಿ ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಒಣಗಿ ಸತ್ತದ್ದಲ್ಲ ಅತ್ತೆ, ಮುಳುಗಿ ಸತ್ತದ್ದು. ಆಗಲೇ ಕೂಗಾಡಿದ್ದರೆ ನೀವು ಅತ್ತುಬಿಡುತ್ತಿದ್ದಿರಿ, ನಾನೇ ಕೆಟ್ಟವಳಾಗುತ್ತಿದ್ದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ನೀವು ಹುಕ್ಕೇರಿಗೆ ಹೋಗುವುದನ್ನೇ ಕಾದೆ.

ನೀವು ಬಸ್ ಹತ್ತಿದ ಮೇಲೆ ಹೊಸ ಸಸಿ ತಂದೆ. ಮಣ್ಣಿಗೆ ಬೆರಳಿಳಿಸಿ ನೋಡುತ್ತೇನೆ. ಎರಡನೆಯ ಗೆಣ್ಣಿನ ತನಕ ಒಣಗಿದ್ದರೆ ತಳದ ತೂತಿನಿಂದ ಹನಿಯುವಷ್ಟು ನೀರು. ಬೆರಳಿಗೆ ಹಸಿ ಮಣ್ಣು ಅಂಟಿದರೆ ಅಂದು ಹನಿಯೂ ಇಲ್ಲ. ಎಲೆ ಬಾಡಿದರೂ ಮೊದಲು ಮಣ್ಣು ಮುಟ್ಟಿಯೇ ನೋಡುವುದು. ಒಂದೂ ಸತ್ತಿಲ್ಲ. ಮೂಡಲಗಿಯಿಂದ ನನ್ನ ಅವ್ವ ಬಂದವಳು ಎರಡು ಒಯ್ದಳು. ಅಲ್ಲವ್ವನೂ ಬಂದು, "ನಿನ್ನ ಕೈಲೇನ ಹಚ್ಚಿ ಕೊಡವಾ" ಎಂದಳು. ಓಣಿಯವರ ಮುಂದೆಯೇ ಒಂದು ಸಸಿ ಹಚ್ಚಿಕೊಟ್ಟೆ. ನಿಮ್ಮ ಚರಿಗೆಯ ಕಥೆಯನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಲಕ್ಷ್ಮೀ ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರದಿರಲಿ. ಕೂಸಿಗೆ ನನ್ನ ಮುದ್ದು.

ನಿಮ್ಮ ಸೊಸೆ,
ಗೌರವ್ವ

ತಾ.ಕ.: ನಿಮ್ಮ ಮಗನ ಕೈಯಲ್ಲಿ ಈ ಕಾಗದದ ಜೊತೆ ಒಂದು ಲಿಂಬೆ ಸಸಿಯನ್ನೂ ಕಳಿಸಿದ್ದೇನೆ. ತೊಟ್ಟಿಲ ಕಾರ್ಯಕ್ಕೆ ಬರುವ ಬೀಗರ ಕಣ್ಣಿಗೆ ಬೀಳುವಂತೆ ಅದನ್ನು ಬಾಗಿಲಲ್ಲೇ ಇಡಲು ಹೇಳಿದ್ದೇನೆ. ಬದುಕಿದರೆ ನಾನು ಹೇಳಿದಂತೆ ನಡೆದಿರೆಂದಾಯಿತು, ಮುಂದಿನ ಕಬ್ಬಿನ ಮೊದಲ ತುಂಡನ್ನು ನೀವೇ ನನ್ನ ಕೈಗೆ ಕೊಡಬೇಕು. ಸತ್ತರೆ, ಅಲ್ಲಿ ನಾನಿರಲಿಲ್ಲ ಅತ್ತೆ. ಅದು ಯಾರ ಕೈಗುಣವೆಂದು ಬೀಗರೇ ಹೇಳಲಿ.