ತಲಾ ಎರಡು ಕಟ್ಟಿಗೆ

ಜನವರಿ 8, ಸೋಮವಾರ

ಹಾಜರಿ 38. ಸಿಲಿಂಡರ್ ಈ ವಾರವೂ ಬರಲಿಲ್ಲ. ಮೂರು ತಿಂಗಳಾಯಿತು. ಮಧ್ಯಾಹ್ನದ ಊಟ ಮಕ್ಕಳು ತರುವ ಕಟ್ಟಿಗೆಯಲ್ಲೇ. ತಲಾ ಎರಡು ತರಬೇಕು — ನಿಯಮ ನನ್ನದೇ. ಇಂದು ಬಂದದ್ದು ಹಸಿ. ತರಗತಿಯೊಳಗೂ ಹೊಗೆ. ಅಡುಗೆಯಾಕೆ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಅಕ್ಕಿ ಸರ್ಕಾರದ್ದು, ಪಾತ್ರೆ ಸರ್ಕಾರದ್ದು. ಬೆಂಕಿ ಯಾರಪ್ಪಂದು ಟೀಚರ್?"

ಜನವರಿ 11

ಒಂಬತ್ತು ಮಕ್ಕಳು ಬರಿಗೈಲಿ ಬಂದರು. ಹೀಗಾದರೆ ಒಲೆ ಉರಿಯುವುದಿಲ್ಲ. ಕಟ್ಟಿಗೆ ತರದವರಿಗೆ ನಾಳೆಯಿಂದ ಪ್ರವೇಶವಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದೆ. ಮಗ್ಗಿಯಿಂದ ಗಟ್ಟಿಯಾಗಿ ಓದಿಸಿದೆ. ಇಪ್ಪತ್ತೊಂಬತ್ತರ ಮಗ್ಗಿಯನ್ನು ಕೊನೆಯಿಂದ ಒಪ್ಪಿಸುವ ಹುಡುಗಿ. ಅದೇ ಹೆಸರಾಗಿ ನಿಂತಿದೆ. ಏಳನೆಯ ತರಗತಿ. ಮುಂದೆ ಓದಲು ಹತ್ತಿರ ಶಾಲೆಯಿಲ್ಲ. ಫೆಬ್ರವರಿ 10ಕ್ಕೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ನಮ್ಮಲ್ಲಿಂದ ಅವಳೊಬ್ಬಳೇ. ಮುಂದಿನ ವರ್ಷ ವಯಸ್ಸು ಮೀರುತ್ತದೆ.

ಜನವರಿ 19

ಮಗ್ಗಿಯೇ ಬರಿಗೈಲಿ ಬಂದಳು. ಎಲ್ಲರ ಕಣ್ಣು ನನ್ನ ಮೇಲೆ. ಅವಳಿಗೊಂದು ನ್ಯಾಯ, ಉಳಿದವರಿಗೊಂದು ಆಗಬಾರದು... ವಾಪಸ್ ಕಳಿಸಿದೆ. ಭಿನ್ನರಾಶಿ ಪಾಠ ತಪ್ಪಿತು.

ಸಂಜೆ 5.30

ಅವಳ ಮನೆಗೆ ಹೋಗಿದ್ದೆ. ಹತ್ತಿರದ ಗುಡ್ಡ ಬೋಳಾಗಿದೆಯಂತೆ. ಈಗ ಕೆರೆಯಾಚೆಗೆ ಹೋಗಬೇಕು. ಹೋಗಿಬರಲು ಎರಡೂವರೆ ಗಂಟೆ. ತಾಯಿ ಒಲೆ ಊದುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು. "ಮನೆ ಒಲೆಗೂ ಅವಳೇ, ಶಾಲೆ ಒಲೆಗೂ ಅವಳೇ. ಒಂದು ತಲೆ ಎಷ್ಟೂಂತ ಹೊರುತ್ತೆ, ನೀವೇ ಹೇಳಿ."

ನಿಯಮ ಎಲ್ಲರಿಗೂ ಒಂದೇ ಎಂದೆ. ಹೊರಡುವಾಗ ಮಗ್ಗಿ, "ಇನ್ಮೇಲೆ ಬರಿಗೈಲಿ ಬರಲ್ಲ ಟೀಚರ್" ಎಂದಳು.

ಫೆಬ್ರವರಿ 7

ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಪಾಠದ ನಡುವೆ ತೂಕಡಿಸುತ್ತಾಳೆ. ಆದರೂ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ನೂರಕ್ಕೆ 91.

ಫೆಬ್ರವರಿ 9, ಶುಕ್ರವಾರ

ಮಗ್ಗಿಗೆ ಎಲ್ಲ ಹೇಳಿದ್ದೇನೆ. ಪ್ರವೇಶಪತ್ರ. ಎರಡು ಪೆನ್ನು. ನೀರು. ಬೆಳಿಗ್ಗೆ ಏಳಕ್ಕೆ ಶಾಲೆಯ ಮುಂದೆ ಬಸ್, ಇರುವುದೇ ಅದೊಂದು. ಮೂರು ಸಲ ಅವಳ ಬಾಯಲ್ಲೇ ಹೇಳಿಸಿದೆ. ಪರೀಕ್ಷೆ ಅವಳಿಗೋ ನಿಮಗೋ ಎಂದು ಅಡುಗೆಯಾಕೆ ನಕ್ಕಳು.

ಫೆಬ್ರವರಿ 10, ಶನಿವಾರ

ಆರೂಮುಕ್ಕಾಲಿಗೆ ಹೋಗಿ ನಿಂತೆ. ಏಳಕ್ಕೆ ಬಸ್ ಬಂತು. ಮಗ್ಗಿ ಇಲ್ಲ. ಕಂಡಕ್ಟರ್ ಐದು ನಿಮಿಷ ಕಾದ. "ಒಬ್ಬರಿಗೋಸ್ಕರ ಎಲ್ಲರನ್ನೂ ನಿಲ್ಲಿಸೋಕಾಗಲ್ಲ ಮೇಡಂ." ಹೊರಟುಹೋದ.

7.20ಕ್ಕೆ ಬಂದಳು. ಓಡಿಕೊಂಡು. ಎಣ್ಣೆ ಹಚ್ಚಿ ಬಿಗಿದ ಜಡೆ, ಜೇಬಿನಲ್ಲಿ ಎರಡು ಪೆನ್ನು, ತಲೆಯ ಮೇಲೆ ಕಟ್ಟಿಗೆ.

"ಇವತ್ತೂ ಯಾಕಮ್ಮ ತಂದೆ?"

"ಇವತ್ತು ಬೇಡ ಅಂತ ನೀವು ಹೇಳಲಿಲ್ಲವಲ್ಲ ಟೀಚರ್."

ಬೈಕ್ ಇರುವ ಮನೆ ಎರಡು. ಎರಡೂ ಬೈಕ್ ಹೊರಗೆ ಹೋಗಿದ್ದವು. ಫೋನ್ ಮಾಡಿದೆ; ಒಂಬತ್ತಕ್ಕೆ ಗೇಟು ಮುಚ್ಚುತ್ತೇವೆ ಎಂದರು ಪರೀಕ್ಷಾ ಕೇಂದ್ರದವರು. ಮಗ್ಗಿ ಕಟ್ಟಿಗೆಯನ್ನು ಒಲೆಯ ಪಕ್ಕ ಜೋಡಿಸಿಟ್ಟು ಮನೆಗೆ ಹೋದಳು.

ನಿನ್ನೆ ಬರೆದದ್ದನ್ನು ಮತ್ತೆ ಓದಿದೆ. ಪ್ರವೇಶಪತ್ರ, ಪೆನ್ನು, ನೀರು, ಬಸ್. ಹೌದು. ಹೇಳಿರಲಿಲ್ಲ.

ಫೆಬ್ರವರಿ 12, ಸೋಮವಾರ

ಹಾಜರಿ 37. ಮಗ್ಗಿ ಬರಲಿಲ್ಲ.

ಅವಳ ಕಟ್ಟಿಗೆಯನ್ನು ಉರಿಸಲು ಮನಸ್ಸಾಗದೆ ಎತ್ತಿಟ್ಟಿದ್ದೆ. ಇಂದು ಬಂದದ್ದು ಸಾಲಲಿಲ್ಲ. ಅದನ್ನೂ ಕೊಟ್ಟೆ. ಚೆನ್ನಾಗಿ ಒಣಗಿದೆ, ಹೊಗೆಯೇ ಇಲ್ಲ ಎಂದಳು ಅಡುಗೆಯಾಕೆ.

ನಾಲ್ಕಕ್ಕೆ ನೋಟಿಸ್ ಬೋರ್ಡಿನ ಆ ನಿಯಮ ಅಳಿಸಲು ಬಟ್ಟೆ ಒದ್ದೆ ಮಾಡಿಕೊಂಡು ಹೋದೆ. ಅಳಿಸಿದರೆ ನಾಳೆ ಮೂವತ್ತೇಳು ಮಕ್ಕಳಿಗೆ ಊಟ ಬೇಯುವುದು ಯಾವುದರಲ್ಲಿ? ಬಟ್ಟೆ ಹಿಂಡಿಟ್ಟು ಬಂದೆ.