ಎರಡು ನೀಲಿ ತಂತಿಗಳು

ರಾಬಿನ್‌ವೇಲ್
ಮಂಗಳವಾರ

ಪ್ರಿಯ ಡೆಸ್ಮಂಡ್ ಅಂಕಲ್,

ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ಮೇಲೆ ಅಣ್ಣನ ಹಳೆಯ ವರ್ಕ್‌ಸ್ಟೇಷನ್‌ನ ಮದರ್‌ಬೋರ್ಡನ್ನು ತಿರುಗಿಸಿ ನೋಡಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಆವೃತ್ತಿಯ ಅಂಕಿ ಅಳಿಸಿಹೋಗಿದೆ. ಆದರೆ ಹಿಂಬದಿಯಲ್ಲಿ ಎರಡು ನೀಲಿ ತಂತಿಗಳನ್ನು ಬೆಸೆದಿದ್ದಾರೆ. ಹಾಗಿದ್ದರೆ ಅದು ಮೊದಲನೇ ಆವೃತ್ತಿ, ಅದರ ತಪ್ಪು ತಿದ್ದಲು ಕಾರ್ಖಾನೆಯವರೇ ಹಾಕಿದ ತಂತಿಗಳವು ಎಂದು ನೀವು ಬರೆದಿದ್ದಿರಿ. ಹಳೆಯ ಕಂಪ್ಯೂಟರುಗಳನ್ನು ಕೂಡಿಡುವ ನೀವು ಇಷ್ಟು ವರ್ಷ ಹುಡುಕಿದ್ದು ಇದನ್ನೇ.

ನಾವು ಮಾತ್ರ ಅವು ಅಣ್ಣನ ಕೈಕೆಲಸ ಎಂದುಕೊಂಡಿದ್ದೆವು. ಅವನು ತೀರಿಕೊಂಡಾಗಿನಿಂದ, ಅವನು ಬಿಚ್ಚಿಟ್ಟುಹೋದ ಆ ಬೋರ್ಡನ್ನು ಅಮ್ಮ ಚರ್ಚಿನಿಂದ ಬಂದವರಿಗೆಲ್ಲ ತೋರಿಸುತ್ತಾಳೆ.

"ನೋಡ್ರೇ, ನನ್ ಸೇಮಿಸಿ ಕೈ ಎಷ್ಟು ನೆಟ್ಟಗಿತ್ತು! ಪೋಲಿ ನನ್ಮಗ, ಹಾಸಿಗೆ ಮಾತ್ರ ಒಂದಿನಾನೂ ನೆಟ್ಟಗೆ ಹಾಸ್ಲಿಲ್ಲ," ಎಂದು ನಗುತ್ತಾಳೆ. ಈಗೀಗ ಅವಳು ನಗುವುದು ಅಷ್ಟೊತ್ತು ಮಾತ್ರ.

ಯಂತ್ರವನ್ನು ನಿಮಗೆ ಕೊಡಲು ಅವಳು ಒಪ್ಪಿದ್ದೂ ಆ ಬೆಸುಗೆ ಅಣ್ಣನದೆಂದೇ. "ಅವ್ನ ಕೆಲ್ಸ ಅರ್ಥ ಆಗೋರ ಕೈಗೆ ಹೋಗ್ಲಿ ಬಿಡೇ," ಎಂದಳು.

ಭಾನುವಾರ ನೀವು ಬಂದಾಗ ಅಮ್ಮ ಕೆಸುವಿನೆಲೆಯಲ್ಲಿ ಕುರಿಮಾಂಸ ಸುತ್ತಿ ಬೇಯಿಸುತ್ತಾಳೆ. ನೀವು ಕೂರುವ ಮೊದಲೇ ಬೋರ್ಡನ್ನು ತಂದು ತಿರುಗಿಸಿ ತೋರಿಸುತ್ತಾಳೆ. ದಯವಿಟ್ಟು ಕಾರ್ಖಾನೆಯ ಮಾತು ಎತ್ತಬೇಡಿ ಅಂಕಲ್. ಬೆಸುಗೆ ಅಚ್ಚುಕಟ್ಟಾಗಿದೆ ಎಂದರೆ ಸಾಕು. ಅದೇನೂ ಸುಳ್ಳಲ್ಲ.

ಇತಿ,
ಸೇಮಿಸಿಯ ತಂಗಿ
ಲೂಸಿಯೆ