ಮುಕ್ಕಾಲು ಇಂಚು

ಕಿಸಿಮಿ, ಫ್ಲೋರಿಡಾ
ಶನಿವಾರ, ಮಾರ್ಚ್ 8, 2025
ಮಧ್ಯಾಹ್ನ ಮೂರೂವರೆ

ಲಿಸಿ, ನನ್ನ ಬಂಗಾರ,

ದೇವರು ನಿನ್ನನ್ನು ಹರಸಲಿ. ನೀನು ಕೇಳುವ ಮೊದಲೇ ಹರಸಿಬಿಡುತ್ತಿದ್ದೇನೆ. ಇದನ್ನು ಓದಿ ಮುಗಿಸಿದ ಮೇಲೆ ಎಂದಿನಂತೆ ಈ ಅಮ್ಮನನ್ನು "ಮಾಮಿ, ಹರಸು" ಅಂತ ಕೇಳುವ ಮನಸ್ಸು ನಿನಗೆ ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ.

ಇನೆಸ್ ಸೋಫಾದ ಮೇಲೆ ಮಲಗಿದ್ದಾಳೆ. ಒಂದು ಕಾಲು ನೆಲಕ್ಕೆ, ಒಂದು ಕಾಲು ದಿಂಬಿನ ಮೇಲೆ, ಥೇಟ್ ನೀನು ಮಲಗುತ್ತಿದ್ದ ಹಾಗೆ. ನೀನು ಆಸ್ಪತ್ರೆಯ ಪಾಳಿ ಮುಗಿಸಿ ಆರಕ್ಕೆ ಬರುತ್ತೀಯ. ಕಾರು ಹತ್ತಿ ಬೆಲ್ಟ್ ಹಾಕುವಷ್ಟರಲ್ಲಿ ನಿನ್ನ ಮಗಳು ಎಲ್ಲವನ್ನೂ ಒದರಿಬಿಡುತ್ತಾಳೆ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಆ ಗುಣ ನನ್ನ ಕಡೆಯಿಂದಂತೂ ಬಂದದ್ದಲ್ಲ. ಅದಕ್ಕೇ ಅವಳಿಗಿಂತ ಮುಂಚೆ ನಾನೇ ಹೇಳಬೇಕು. ಎದುರಿಗೆ ಕೂತು ಹೇಳೋಣವೆಂದರೆ ನನ್ನ ರೀತಿ ನಿನಗೆ ಗೊತ್ತು, ಅರ್ಧ ಹೇಳಿ, ಒಂದು ಜೋಕು ಹೊಡೆದು, ಊಟಕ್ಕೆ ಏಳು ಅನ್ನುತ್ತೇನೆ. ಈ ಕಾಗದವನ್ನು ಅವಳ ಚೀಲದಲ್ಲಿಡುತ್ತೇನೆ. ಓದಿದ ಮೇಲೆಯೇ ಕಾರು ಹೊರಡಿಸು.

ಇವತ್ತು ಅವಳನ್ನು ಗಿಡುಗಕ್ಕೆ ಕರೆದುಕೊಂಡು ಹೋಗಿದ್ದೆ.

ಹೌದು, ಅದೇ ಮರದ ರೋಲರ್ ಕೋಸ್ಟರ್. ನೀನು ಬೇಡವೇ ಬೇಡ ಅಂದಿದ್ದು. ಕೋಪ ಬಂದಿದ್ದರೂ ಪೂರ್ತಿ ಓದು, ಮಗುವಿನ ಕೂದಲೂ ಕೊಂಕಿಲ್ಲ. ಅವಳು ಅದರಲ್ಲಿ ಕೂರಲೇ ಇಲ್ಲ. ಅದು ನನ್ನಿಂದ ತಪ್ಪಿದ್ದಲ್ಲ, ಅವಳಿಂದ ತಪ್ಪಿದ್ದು.

ಜನವರಿಯಲ್ಲಿ ಮೂರು ರಾಜರ ಹಬ್ಬದ ದಿನ ಅಡುಗೆಮನೆಯಲ್ಲಿ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎತ್ತರ ಬಂದ ಮಾತ್ರಕ್ಕೆ ಮಗು ತಯಾರಾಯಿತು ಅಂತಲ್ಲ, ಅವಳೇ ಬಾಯಿಬಿಟ್ಟು ಕೇಳಬೇಕು, ಅದು ಹೇಗೆ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ತಿಳಿದಿರಬೇಕು, ಬೇಡ ಅಂದ ಕೂಡಲೇ ಬಿಟ್ಟುಬಿಡಬೇಕು ಅಂದೆ. ಇದನ್ನು ಮೀರಿದರೆ ಇನೆಸ್ ಜೊತೆಗಿನ ನನ್ನ ಶನಿವಾರಗಳು ಬಂದ್ ಅಂತಲೂ ಅಂದೆ. ನಾನು ಮೂಗು ಮುರಿದೆ. ಇಪ್ಪತ್ತೆರಡು ವರ್ಷ ಅದೇ ಗಿಡುಗದ ಗೇಟಿನಲ್ಲಿ ಮಕ್ಕಳ ಎತ್ತರ ನೋಡಲು ಅಳತೆಕೋಲು ಹಿಡಿದು ನಿಂತವಳು ನಾನು, ನಿನ್ನೆ ಮೊನ್ನೆ ತಾಯಿಯಾದವಳು ನನಗೇ ಪಾಠ ಹೇಳುತ್ತಾಳಲ್ಲ ಅಂದುಕೊಂಡೆ. ನೀನು ಅವಳಿಗೆ ಕಲಿಸಿದ ಹೊಟ್ಟೆಯ ಆಟಕ್ಕೂ ನಕ್ಕಿದ್ದೆ. ಏನಾದರೂ ಹೊಸದು ಎದುರಾದರೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಬೇಕೋ ಬೇಡವೋ ಅಂತ ಕೇಳಿಕೊಳ್ಳುವುದು! ಬಟಾಣಿಗೂ ಹೊಟ್ಟೆ ಕೇಳುತ್ತಾಳೆ, ಸ್ನಾನಕ್ಕೂ ಹೊಟ್ಟೆ ಕೇಳುತ್ತಾಳೆ, ನಾಳೆ ಸ್ಕೂಲೂ ಬೇಡ ಅನ್ನುತ್ತದೆ ನೋಡುತ್ತಿರು ಅಂತ ನಿನ್ನ ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ ಗೇಲಿ ಮಾಡಿದ್ದೆ. ಆ ಮಾತನ್ನೆಲ್ಲ ಇವತ್ತು ನುಂಗಿಕೊಂಡಿದ್ದೇನೆ.

ಇನ್ನು ನಾನು ಮಾಡಿದ ಘನಕಾರ್ಯ ಕೇಳು. ಆ ಗೇಟಿಗೆ ನಲವತ್ತು ಇಂಚು ಬೇಕು. ಬೆಳಿಗ್ಗೆ ಇನೆಸ್‌ಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆ. ಮೂವತ್ತೊಂಬತ್ತೂ ಕಾಲು. ಮುಕ್ಕಾಲು ಇಂಚು ಕಡಿಮೆ. ಅಲ್ಲಿಗೇ ಬಿಡಬೇಕಿತ್ತು. ನಾನು ಕತ್ತರಿ ತಂದು ನನ್ನ ಹಳೆಯ ರಬ್ಬರ್ ಚಪ್ಪಲಿಯನ್ನು ಅವಳ ಹಿಮ್ಮಡಿಯ ಅಳತೆಗೆ ಎರಡು ತುಂಡು ಮಾಡಿದೆ.

ಈ ಕೈಗಳು ಎಷ್ಟು ಅಪ್ಪ ಅಮ್ಮಂದಿರನ್ನು ಹಿಡಿದಿಲ್ಲ, ಲಿಸಿ. ಶೂ ಒಳಗೆ ಕಾಗದ ತುರುಕಿದವರು, ಕೂದಲನ್ನು ನೆತ್ತಿಯ ಮೇಲೆ ಗೋಪುರ ಕಟ್ಟಿದವರು, ತುದಿಗಾಲಲ್ಲಿ ನಿಲ್ಲುವುದನ್ನು ಮಗುವಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿದವರು. ಎಲ್ಲರಿಗೂ ಮುಖ ಗಂಟಿಕ್ಕಿಕೊಂಡು ಇನ್ನೊಂದು ದಿನ ಬನ್ನಿ ಅಂದವಳು ನಾನು. ಅನುಮಾನ ಬಂದರೆ ನಾವು ಶೂ ಬಿಚ್ಚಿಸಿ ನೋಡುತ್ತೇವೆ, ಕಾಲುಚೀಲ ಬಿಚ್ಚಿಸುವುದಿಲ್ಲ. ಅದು ಗೊತ್ತಿದ್ದರಿಂದಲೇ ಎರಡು ಜೊತೆ ಕಾಲುಚೀಲ ಹಾಕಿಸಿ, ತುಂಡುಗಳನ್ನು ಅವುಗಳ ನಡುವೆ ಇಟ್ಟೆ. ಬೇರೆ ಯಾವ ಅಜ್ಜಿಗೂ, ಯಾವ ವೆಲಾಗೂ ಈ ಉಪಾಯ ಹೊಳೆಯುತ್ತಿರಲಿಲ್ಲ. ಇದು ನಮ್ಮಿಬ್ಬರ ಗುಟ್ಟು ಅಂತ ಇನೆಸ್‌ಗೆ ಹೇಳಿದೆ. ಮಮ್ಮಿಗೂ ಹೇಳಬಾರದಾ ಅಂತ ಕೇಳಿದಳು. ಆಮೇಲೆ ಹೇಳೋಣ ಅಂದೆ. ಅವಳ ಹುಬ್ಬು ಗಂಟಾಗಿದ್ದನ್ನು ನಾನು ನೋಡಿಯೂ ನೋಡದವಳ ಹಾಗೆ ಕಾರು ಹತ್ತಿದೆ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಇತ್ತು. ಮರದ ಕುದುರೆಗಳ ಚಕ್ರದಲ್ಲಿ ಅವಳು ಮೊದಲ ಸುತ್ತು ಅಲುಗದ ಬೆಂಚಿನ ಮೇಲೆ ಕೂತಳು, ಎರಡನೆಯದಕ್ಕೆ ನಿಂತಲ್ಲೇ ನಿಲ್ಲುವ ಕುದುರೆ, ಮೂರನೆಯದಕ್ಕೆ ಮೇಲೆ ಕೆಳಗೆ ಹೋಗುವ ಬಿಳಿ ಕುದುರೆ. ಪ್ರತಿ ಸಲವೂ ಅವಳೇ ಆರಿಸಿದಳು. ನೆರಳಲ್ಲಿ ಕೂತು ಇಬ್ಬರೂ ಮನೆಯಿಂದ ಒಯ್ದಿದ್ದ ಕೀಮಾ ಕಡುಬು ತಿಂದೆವು. ಆಮೇಲೆ ನಾನು, ನಡಿ, ನಿನಗೊಂದು ದೊಡ್ಡ ಹಕ್ಕಿ ತೋರಿಸುತ್ತೇನೆ ಅಂದೆ.

ಗಿಡುಗದ ಕ್ಯೂ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನಿನ್ನ ಮಗಳು ಕೇಳಿದ ಪ್ರಶ್ನೆಗಳನ್ನು ಹೊಸದಾಗಿ ಕೆಲಸಕ್ಕೆ ಸೇರಿದವರೂ ಕೇಳುವುದಿಲ್ಲ. ಅದು ಯಾಕೆ ಕಿರುಚುತ್ತೆ, ಜನ ಕಿರುಚೋದು ಖುಷಿಗಾ ಭಯಕ್ಕಾ, ನಡುವೆ ನಿಲ್ಲಿಸು ಅಂದರೆ ನಿಲ್ಲಿಸುತ್ತಾರಾ. ನಿಲ್ಲಿಸುವುದಿಲ್ಲ ಅಂತ ನಾನು ನಿಜವನ್ನೇ ಹೇಳಿದೆ. ಹೋದವರು ವಾಪಸ್ ಬರ್ತಾರಾ ಅಂದಳು. ಪರೀಕ್ಷೆ ಮಾಡೋಣ ಅಂತ ಹಳದಿ ಟೋಪಿಯ ಒಬ್ಬ ದಪ್ಪ ಮನುಷ್ಯನನ್ನು ಗುರುತಿಟ್ಟುಕೊಂಡೆವು. ಅವನು ಹೋದ, ಎರಡು ನಿಮಿಷಕ್ಕೆ ಬಂದ. ನೋಡು, ಬಂದನಲ್ಲ ಅಂದೆ. "ಟೋಪಿ ಬರ್ಲಿಲ್ಲ" ಅಂದಳು. ಮುಂದೆ ನಿಂತಿದ್ದವರೆಲ್ಲ ನಕ್ಕರು, ಅವಳು ಮಾತ್ರ ನಗಲಿಲ್ಲ.

ಗೇಟಿನಲ್ಲಿ ಇದ್ದವಳು ಯಾರು ಗೊತ್ತಾ? ಮಿರ್ಲಾಂಡ್. ಹೈಟಿಯಿಂದ ಬಂದ ವರ್ಷವೇ ನನ್ನ ಕೈಕೆಳಗೆ ಸೇರಿ, ನನ್ನಿಂದಲೇ ಕೋಲು ಹಿಡಿಯುವುದನ್ನು ಕಲಿತವಳು. ನನ್ನನ್ನು ನೋಡಿ ಅವಳ ಮುಖ ಅರಳಿತು. "ಮಿಸ್ ಮಿಗ್ಗಿ, ಮೊಮ್ಮಗಳನ್ನ ಕೊನೆಗೂ ಕರ್ಕೊಂಡು ಬಂದ್ರಾ" ಅಂದಳು. ಕೋಲು ಹಿಡಿದಳು. ಇನೆಸ್‌ಳ ನೆತ್ತಿ ಗೆರೆಗೆ ತಾಗಿತು. ನನ್ನ ಉಪಾಯ ಫಲಿಸಿತು ಅಂತ ಒಳಗೊಳಗೇ ಬೀಗಿದೆ, ನನ್ನ ಮುಖಕ್ಕಿಷ್ಟು.

ಆದರೆ ಅಳೆದ ಮೇಲೆ ಇನ್ನೊಂದು ಕೆಲಸ ಇರುತ್ತದೆ. ಅದನ್ನು ಅವರಿಗೆಲ್ಲ ಕಲಿಸಿದವಳೂ ನಾನೇ. ಕುಕ್ಕರಗಾಲಲ್ಲಿ ಕೂತು ಮಗುವಿನ ಕಣ್ಣಿನ ಮಟ್ಟಕ್ಕೆ ಬರಬೇಕು, ದೊಡ್ಡವರನ್ನು ಕೇಳದೆ ಮಗುವನ್ನೇ ಕೇಳಬೇಕು. ಉತ್ತರ ಬರುವಾಗ ಬಾಯಿ ನೋಡಬಾರದು, ಕಾಲು ನೋಡಬೇಕು. ಹೋಗುವ ಮನಸ್ಸಿರುವ ಮಗುವಿನ ಕಾಲ್ಬೆರಳು ಗೇಟಿನ ಕಡೆಗಿರುತ್ತವೆ, ಇಲ್ಲದ ಮಗುವಿನ ಬೆರಳು ಅಮ್ಮನ ಕಡೆಗೆ ತಿರುಗಿರುತ್ತವೆ. ಮಿರ್ಲಾಂಡ್ ಕೂತಳು. ಇನೆಸ್‌ಳ ಕಾಲು ನೋಡಿದಳು. ಪುಟ್ಟ ಶೂಗಳೆರಡೂ ನನ್ನ ಕಡೆ ತಿರುಗಿದ್ದವು. ನಾನೂ ನೋಡಿದೆ. ಹೋಗ್ತೀಯಾ ಚಿನ್ನ ಅಂತ ಅವಳು ಕೇಳಿದಳು.

ಇನೆಸ್ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು.

ಹಿಂದೆ ಅರವತ್ತು ಜನ. ಯಾರೋ ಗೊಣಗಿದರು. ನಾನು ಬಗ್ಗಿ ಅವಳ ಕಿವಿಯಲ್ಲಿ, ಬೇಗ ಹೂಂ ಅನ್ನು ಅಂದೆ. ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಅಂದಿದ್ದು ಹೌದು. ಅವಳು ನನ್ನ ಮುಖಕ್ಕೆ ಕೈ ಅಡ್ಡ ಹಿಡಿದು "ತಾಳು ವೆಲಾ, ಕೇಳ್ತಾ ಇದೀನಲ್ಲ" ಅಂದಳು. ಆಮೇಲೆ ಮಿರ್ಲಾಂಡ್‌ಳಿಗೆ ಹೇಳಿದಳು:

"ನನ್ನ ಹೊಟ್ಟೆ ಇವತ್ತು ಬೇಡ ಅಂತಿದೆ. ನಂಗೆ ಐದು ವರ್ಷ ಆದ್ಮೇಲೆ ಇನ್ನೊಂದ್ಸಲ ಕೇಳ್ತೀನಿ."

ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕೂತು ಶೂ ಬಿಚ್ಚಿದಳು, ಕಾಲುಚೀಲ ಎಳೆದಳು, ಎರಡು ರಬ್ಬರ್ ತುಂಡುಗಳನ್ನು ಮಿರ್ಲಾಂಡ್‌ಳ ಕೈಯಲ್ಲಿಟ್ಟಳು. "ಇದು ನನ್ನ ಉದ್ದ ಅಲ್ಲ. ವೆಲಾ ಚಪ್ಪಲಿದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಿರ್ಲಾಂಡ್ ತುಂಡುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ನನ್ನನ್ನು ಏನು ಬೇಕಾದರೂ ಅನ್ನಬಹುದಿತ್ತು. ಮಗುವಿನ ಎದುರು ದೊಡ್ಡವರ ಮಾನ ಕಳೆಯಬಾರದು ಅಂತ ಅವಳಿಗೆ ಹೇಳಿಕೊಟ್ಟವಳು ನಾನು, ಅವಳು ಅದನ್ನೇ ಪಾಲಿಸಿದಳು. ತುಂಡುಗಳನ್ನು ಜೇಬಿಗೆ ಹಾಕಿಕೊಂಡು, ಪಕ್ಕದ ಗೇಟು ತೆರೆದು, ಇನ್ನೊಂದು ದಿನ ಬನ್ನಿ ಮೇಡಂ ಅಂದಳು. ಇನೆಸ್‌ಳ ಕೈಯನ್ನು ಮಾತ್ರ ಕುಲುಕಿದಳು.

ಹೊರಗೆ ಬೆಂಚಿನ ಮೇಲೆ ಕೂತೆ. ಅವಳ ಶೂ ಲೇಸನ್ನು ಎರಡು ಸಲ ಬಿಚ್ಚಿ ಕಟ್ಟಿದೆ. ಇನೆಸ್ ನನ್ನ ತೊಡೆ ತಟ್ಟಿದಳು. ನಿನಗೆ ಹೋಗಬೇಕು ಅನ್ನಿಸಿದರೆ ಹೋಗು ವೆಲಾ, ನಾನು ಇಲ್ಲೇ ನಿಂತು ಕೈ ಬೀಸುತ್ತೇನೆ ಅಂದಳು. ನನಗೇ ಆಸೆ ಇತ್ತು, ಪಾಪ ವೆಲಾ ಒಬ್ಬಳೇ ಹೋಗಲು ಭಯಪಟ್ಟಳು ಅಂದುಕೊಂಡಿದ್ದಾಳೆ. ಆಮೇಲೆ ನಾವು ಪುಟ್ಟ ರೈಲಿನಲ್ಲಿ ನಾಲ್ಕು ಸುತ್ತು ಹೋದೆವು. ನಾಲ್ಕು ಸಲವೂ ಅವಳ ಕಾಲ್ಬೆರಳು ರೈಲಿನ ಕಡೆಗಿದ್ದವು. ಸುರಂಗದಲ್ಲಿ ಅವಳು ಕೂಗಿದ ಕೂಗಿಗೆ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಸಾವಿರ ಮಕ್ಕಳನ್ನು ಅಳೆದಿದ್ದೇನೆ. ಬೇಡ ಅನ್ನಲು ಗೊತ್ತಿಲ್ಲದೆ ಬಿಕ್ಕಿದವರು, ಅಪ್ಪ ಹೇಡಿ ಅಂದಾನೆಂದು ಹಲ್ಲು ಕಚ್ಚಿ ಹತ್ತಿದವರು, ಇಳಿದ ಮೇಲೆ ನನ್ನ ಬೂಟಿನ ಮೇಲೆ ವಾಂತಿ ಮಾಡಿದವರು. ನೆಟ್ಟಗೆ ನಿಂತು, ಅಳದೆ, ಯಾರ ಮೇಲೂ ಸಿಟ್ಟಾಗದೆ, ಅರವತ್ತು ಜನ ಕಾಯುತ್ತಿರುವಾಗ ನಿಧಾನವಾಗಿ ತನ್ನನ್ನೇ ಕೇಳಿಕೊಂಡು ಉತ್ತರ ಕೊಟ್ಟ ನಾಲ್ಕು ವರ್ಷದವಳನ್ನು ನೋಡಿದ್ದು ಇವತ್ತೇ. ನನ್ನ ಕೋಲಿಗೆ ಎತ್ತರ ಮಾತ್ರ ಗೊತ್ತಾಗುತ್ತಿತ್ತು. ಉಳಿದದ್ದನ್ನು ನೀನು ಕಲಿಸಿದ್ದೀಯ, ಯಾರ ಸಹಾಯವೂ ಇಲ್ಲದೆ, ಎರಡೆರಡು ಪಾಳಿ ದುಡಿಯುತ್ತಾ, ನನ್ನ ಗೇಲಿ ಕೇಳಿಸಿಕೊಳ್ಳುತ್ತಾ. ನನಗೆ ನಿನ್ನ ಬಗ್ಗೆ ಎಷ್ಟು ಹೆಮ್ಮೆಯೆಂದು ಎಂದೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ನಿನ್ನನ್ನು ಇದೇ ಗಿಡುಗಕ್ಕೆ ಹತ್ತಿಸಿದ ಕಥೆಯನ್ನು ಪ್ರತಿ ಕ್ರಿಸ್‌ಮಸ್‌ಗೂ ಹೇಳುತ್ತೇನಲ್ಲ, ನಾಲ್ಕು ವರ್ಷದ ಲಿಸಿ ಹೋಗಲೇಬೇಕು ಅಂತ ಹಟ ಹಿಡಿದಳು, ಹತ್ತಿದ ಮೇಲೆ ಸ್ವಲ್ಪ ಅತ್ತಳು ಅಂತ. ಆ ಕಥೆ ಶುರುವಾದರೆ ನೀನು ಪಾತ್ರೆ ತೊಳೆಯಲು ಎದ್ದು ಹೋಗುತ್ತೀಯ. ಹೈಸ್ಕೂಲು ಮುಗಿದ ವರ್ಷ ನಿಮ್ಮ ಕ್ಲಾಸೆಲ್ಲ ಪಾರ್ಕಿಗೆ ಬಂದಾಗ ಎಲ್ಲರ ಚೀಲ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದವಳು ನೀನೊಬ್ಬಳೇ. ನಾನು ಗೇಟಿನಿಂದ ನೋಡಿದ್ದೆ. ಇನ್ನು ಮುಂದೆ ಆ ಕಥೆ ಹೇಳುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಶನಿವಾರಗಳನ್ನು ಉಳಿಸು ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಪಾರ್ಕು ಬೇಡ, ಮನೆಯಲ್ಲೇ ಇರುತ್ತೇವೆ, ಅವಳ ಹೊಟ್ಟೆ ಹೇಳಿದ್ದನ್ನೇ ಬೇಯಿಸುತ್ತೇನೆ. ಆಗಲ್ಲ ಅಂತ ನಿನಗೆ ಅನ್ನಿಸಿದರೆ ಅದನ್ನೂ ಹೇಳು, ವಾದ ಮಾಡುವುದಿಲ್ಲ. ಒಲೆಯ ಮೇಲೆ ಅನ್ನ ಇದೆ, ಒಳಗೆ ಬಂದು ತಿಂದುಕೊಂಡಾದರೂ ಹೋಗು.

ನಿನ್ನ ಮಾಮಿ,
ಮಿಗ್ಡಾಲಿಯಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಈಗ ಐದು ಗಂಟೆ. ಇನೆಸ್ ಎದ್ದು ಬಣ್ಣದ ಪೆನ್ಸಿಲ್ ಹುಡುಕುತ್ತಾ ನನ್ನ ಡ್ರಾಯರಿನ ತಳದಿಂದ ಒಂದು ಫೋಟೋ ತಂದಳು. ಗಿಡುಗ ಇಳಿಯುವಾಗ ತೆಗೆಯುತ್ತಾರಲ್ಲ, ಅದು. ನಿನ್ನನ್ನು ಹತ್ತಿಸಿದ ದಿನ ಫೋಟೋ ಕೌಂಟರು ಮುಚ್ಚಿತ್ತು, ಕೊಳ್ಳಲಿಲ್ಲ ಅಂತ ನಿನಗೆ ಹೇಳಿದ್ದೆ. ಕೊಂಡಿದ್ದೆ. ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಹತ್ತಿರವೇ ಇದೆ, ಇದರ ಜೊತೆ ಇಟ್ಟಿದ್ದೇನೆ. ನೋಡು, ನನ್ನ ಎರಡು ಕೈಯೂ ಮೇಲಿವೆ, ಬಾಯಿ ಇಷ್ಟಗಲ ತೆರೆದಿದೆ. ನಿನ್ನ ಎರಡು ಕೈಯೂ ನನ್ನ ಬೆಲ್ಟನ್ನು ಹಿಡಿದಿವೆ. ನಾನು ನಿನ್ನನ್ನು ಹಿಡಿದಿಲ್ಲ. ನಿನ್ನ ಶೂ ಒಳಗೆ ಮಡಿಸಿದ ನ್ಯಾಪ್ಕಿನ್ ಇದ್ದವು, ನಾನೇ ಇಟ್ಟದ್ದು. ನೀನು ಹಟ ಹಿಡಿದಿರಲಿಲ್ಲ. ಇವತ್ತು ಇನೆಸ್ ನಗುತ್ತಾ ಇಳಿದಿದ್ದರೆ ಅಂದು ನಾನು ಮಾಡಿದ್ದೂ ತಪ್ಪಲ್ಲ ಅಂತ ಆಗಿಬಿಡುತ್ತಿತ್ತು. ಅದಕ್ಕೇ ಕರೆದುಕೊಂಡು ಹೋಗಿದ್ದು.

ಇನೆಸ್ ಫೋಟೋವನ್ನು ತುಂಬಾ ಹೊತ್ತು ನೋಡಿ, ಮಮ್ಮಿ ಹೊಟ್ಟೆ ಬೇಡ ಅಂದಿತ್ತಾ ಅಂತ ಕೇಳಿದಳು. ಹೂಂ, ಮೂರು ಸಲ ಅಂದಿತ್ತು ಅಂದೆ. "ನಿಂಗೆ ಕೇಳಿಸ್ಲಿಲ್ವಾ ವೆಲಾ?" ಅಂದಳು.

ಕೇಳಿಸಿತ್ತು, ಲಿಸಿ. ಮೂರು ಸಲವೂ ಕೇಳಿಸಿತ್ತು.